ನೀರು ಹೊಯ್ಯೋರು

ನಮ್ಮ ಸಮೀಕ್ಷೆಯ ನಮೂನೆಯಲ್ಲಿ ಹದಿಮೂರು ಪ್ರಶ್ನೆಗಳಿದ್ದವು. ಹನ್ನೆರಡಕ್ಕೆ ಒಂದು ಟಿಕ್ ಅಥವಾ ಒಂದು ಅಂಕಿ ಸಾಕಾಗುತ್ತಿತ್ತು. ಒಂಬತ್ತನೆಯದಕ್ಕೆ ಮಾತ್ರ ಮೂರು ಗೆರೆ ಖಾಲಿ ಬಿಟ್ಟಿದ್ದೆವು. ‘ಮಗು ಶಾಲೆ ಬಿಡಲು ಕಾರಣ: ಹೇಳಿದವರ ಮಾತಿನಲ್ಲೇ ಬರೆಯಿರಿ.’ ಆ ಮೂರು ಗೆರೆಗಾಗಿ ನಾನು ಸಭೆಯಲ್ಲಿ ಎರಡು ಸಲ ಜಗಳ ಆಡಿದ್ದೆ. ಈಗ ಬರೆಯುತ್ತಿರುವುದು ಆ ಗೆರೆಗಳ ಮೇಲೆ ಕೂತಿದ್ದ ಒಂದು ಪದದ ವಿಷಯ, ಮತ್ತು ಅದನ್ನು ಅಲ್ಲಿಂದ ಎಬ್ಬಿಸಿ ಕಳಿಸಿದವರ ವಿಷಯ. ಎಬ್ಬಿಸಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು, ಕಮಿಟಿಗಳು ಒಂದೊಂದಾಗಿ ಬಾಗಿಲು ತೆಗೆಯುತ್ತಿದ್ದವು. ರಸ್ತೆಗೊಂದು, ನೀರಿಗೊಂದು, ಶಿಕ್ಷಣಕ್ಕೊಂದು. ನಾನು ಕೆಲಸ ಮಾಡಿದ್ದು ಶಿಕ್ಷಣದ ನಾಗರಿಕ ಸಮಿತಿಯೊಂದರಲ್ಲಿ. ಅದರಲ್ಲಿ ಹತ್ತಾರು ಸದಸ್ಯರಿದ್ದರೂ ಮಾತಾಡುತ್ತಿದ್ದವರು ಇಬ್ಬರೇ.

ಒಬ್ಬರು ಅಧ್ಯಕ್ಷರು. ಅಕ್ಕಿ ಗಿರಣಿಯ ಮಾಲೀಕರು, ನಮ್ಮ ಮನೆಯಂಥದೇ ಹಳೆಯ ವ್ಯಾಪಾರದ ಮನೆತನದವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ದಲಿತ ಕೇರಿಗಳ ಮಕ್ಕಳು ನಾಲ್ಕನೆಯ ಕ್ಲಾಸು ಮುಗಿಸುವ ಮೊದಲೇ ಶಾಲೆ ಬಿಡುತ್ತಾರೆ, ಊರೊಳಗಿನ ಮಕ್ಕಳು ಬಿಡುವುದಿಲ್ಲ, ಯಾಕೆ ಎಂಬ ಪ್ರಶ್ನೆಗೆ ಅವರ ಹತ್ತಿರ ಉತ್ತರ ಸಿದ್ಧವಿತ್ತು. ಸರ್ಕಾರ ಪುಸ್ತಕ ಕೊಟ್ಟಿದೆ, ಬಟ್ಟೆ ಕೊಟ್ಟಿದೆ, ಹಾಸ್ಟೆಲ್ಲು ಕೊಟ್ಟಿದೆ. ಅವರಿಗೆ ಓದಿನಲ್ಲಿ ಆಸಕ್ತಿ ಇಲ್ಲ, ಅಷ್ಟೆ.

ಇನ್ನೊಬ್ಬರು ಮೇಷ್ಟ್ರು. ಕಾಲೇಜಿನಲ್ಲಿ ನನಗೆ ಅರ್ಥಶಾಸ್ತ್ರ ಕಲಿಸಿದವರು, ಆಗ ನಿವೃತ್ತರಾಗಿದ್ದರು. ಗಿರಣಿ ಕಾರ್ಮಿಕರ ಮುಷ್ಕರಗಳಲ್ಲಿ ಗೇಟಿನ ಮುಂದೆ ನಿಂತು ಭಾಷಣ ಮಾಡಿದವರು. ಅವರ ಉತ್ತರವೂ ಸಿದ್ಧವೇ ಇತ್ತು: ಎಲ್ಲದರ ಬೇರು ಬಡತನ. ಹೊಟ್ಟೆಗೂ ಹೊಲಕ್ಕೂ ದಾರಿಯಾದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ, ಜಾತಿಯೂ ಸೇರಿ.

ನನ್ನ ಒಲವು ಯಾರ ಕಡೆಗಿತ್ತು ಎಂದು ಮುಚ್ಚಿಡಬೇಕಾಗಿಲ್ಲ. ಬಿ.ಎ. ಎರಡನೆಯ ವರ್ಷಕ್ಕೆ ನನ್ನ ಓದು ಬಿಡಿಸಿ ಮದುವೆ ಮಾಡಲು ಅಪ್ಪ ಹೊರಟಾಗ ಮೇಷ್ಟ್ರು ನಮ್ಮ ಮನೆಗೆ ಬಂದು, ಅಂಗಡಿಯ ಗಾದಿಯ ಮೇಲೆ ಅಪ್ಪನ ಎದುರು ಕೂತು, ಮಧ್ಯಾಹ್ನದ ಊಟ ಬಿಟ್ಟು ವಾದ ಮಾಡಿದ್ದರು. ಅಪ್ಪ ಸೋತಿದ್ದರು. ನಾನು ಡಿಗ್ರಿ ಮುಗಿಸಿದ್ದು ಅವರಿಂದ. ಆಮೇಲೆ ಅಕ್ಷರ ಕಲಿಸುವ ಆಂದೋಲನದಲ್ಲಿ ಮನೆ ಮನೆ ತಿರುಗಿದ್ದೂ, ಆ ಅನುಭವದ ಮೇಲೆ ಈ ಸಮೀಕ್ಷೆಯ ಮೇಲ್ವಿಚಾರಕಿ ಆದದ್ದೂ ಅವರಿಂದಲೇ. ಅವರು ಹಾಕಿದ ಗೆರೆ ದಾಟದವಳು ನಾನು.

ಇಬ್ಬರ ವಾದ ಮುಗಿಯುವಂತೆ ಕಾಣದಾಗ ಜನರನ್ನೇ ಕೇಳೋಣ ಎಂದು ತೀರ್ಮಾನವಾಯಿತು. ನಮೂನೆ ತಯಾರಾದದ್ದು ಮೇಷ್ಟ್ರ ಮನೆಯ ಪಡಸಾಲೆಯಲ್ಲಿ. ಕಾರಣಗಳಿಗೆ ಸಂಖ್ಯೆ ಕೊಡುವಾಗ ಒಂದನೆಯ ಸಂಖ್ಯೆ ಯಾವುದಕ್ಕೆ ಎಂಬುದರ ಮೇಲೆಯೇ ಒಂದು ಸಂಜೆ ಹೋಯಿತು. ಅಧ್ಯಕ್ಷರು ‘ನಿರಾಸಕ್ತಿ’ ಎಂದರು, ಮೇಷ್ಟ್ರು ‘ಬಡತನ’ ಎಂದರು. ಕೊನೆಗೆ ಬಡತನ ಒಂದು, ನಿರಾಸಕ್ತಿ ಎರಡು, ಕೂಲಿ ಮತ್ತು ಮನೆಗೆಲಸ ಮೂರು, ಕಾಯಿಲೆ ನಾಲ್ಕು, ಶಾಲೆ ದೂರ ಐದು, ಸೌಲಭ್ಯದ ಕೊರತೆ ಆರು, ಇತರೆ ಏಳು ಎಂದಾಯಿತು. ಅಷ್ಟು ಹೊತ್ತೂ ಇಬ್ಬರೂ ಒಂದೇ ಪೇಪರಿನ ಮೇಲೆ ಸುರಿದ ಮಂಡಕ್ಕಿಗೆ ಕೈ ಹಾಕುತ್ತಿದ್ದರು, ಒಂದೇ ಮಿರ್ಚಿಯನ್ನು ಮುರಿದು ಹಂಚಿಕೊಳ್ಳುತ್ತಿದ್ದರು. ಜಗಳ ಅಂದರೆ ಇಷ್ಟು ಸೊಗಸಾಗಿರಬೇಕು ಎಂದು ನಾನು ಮೆಚ್ಚಿಕೊಂಡಿದ್ದೆ. ಮೆಚ್ಚುವ ಬದಲು ಹೆದರಬೇಕಿತ್ತು.

ನನ್ನ ಹಟ ಎರಡೇ. ಮೊದಲನೆಯದು, ಜನರ ಎದುರು ಕೂತಾಗ ಸಂಖ್ಯೆ ಹಾಕಬಾರದು. ಮೊದಲು ಅವರ ಮಾತು, ಸಂಖ್ಯೆ ಆಮೇಲೆ ಕೆಂಪು ಇಂಕಿನಲ್ಲಿ. ಇಬ್ಬರು ಬೇರೆ ಬೇರೆ ಕೂತು ಸಂಖ್ಯೆ ಕೊಟ್ಟು, ತಾಳೆ ನೋಡಬೇಕು. ಎರಡನೆಯದು ಹೆಸರಿನ ಪಟ್ಟಿ. ನಮೂನೆಯ ನೆತ್ತಿಯಲ್ಲಿ ಎರಡು ಬೆರಳಗಲದ ಜಾಗದಲ್ಲಿ ಹೆಸರು, ಮನೆಯ ಗುರುತು, ಒಂದು ಕ್ರಮಸಂಖ್ಯೆ. ಅದೇ ಕ್ರಮಸಂಖ್ಯೆ ಕೆಳಗೂ ಇರುತ್ತಿತ್ತು. ದಿನದ ಕೆಲಸ ಮುಗಿದ ಮೇಲೆ ಕತ್ತರಿಯಿಂದ ಆ ಪಟ್ಟಿ ಕತ್ತರಿಸಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುವುದು. ಡಬ್ಬಿ ನನ್ನ ಹತ್ತಿರ, ನಮೂನೆ ಸಮಿತಿಯ ಹತ್ತಿರ. ಮಾತು ಒಂದು ಕಡೆ, ಹೆಸರು ಒಂದು ಕಡೆ. ಹೀಗಿದ್ದರೇ ಜನ ಬಾಯಿ ಬಿಡುವುದು.

ನನ್ನ ಜೊತೆಗೆ ಕೆಲಸಕ್ಕೆ ಬಂದವಳು ಹರಿಹರದ ಒಬ್ಬ ಹುಡುಗಿ, ಟಿ.ಸಿ.ಎಚ್. ಮುಗಿಸಿ ಶಿಕ್ಷಕಿಯ ಕೆಲಸಕ್ಕೆ ಕಾಯುತ್ತಿದ್ದಳು. ಮಾತು ಕಡಿಮೆ, ಅಕ್ಷರ ಮುತ್ತಿನಂಥದ್ದು. ಮೊದಲು ಬಾತಿಯಲ್ಲಿ ಒಂದು ದಿನ ಪರೀಕ್ಷೆಗೆಂದು ಕೆಲವು ಮನೆಗಳನ್ನು ಕೇಳಿಬಂದೆವು. ವಾಪಸ್ಸು ಬಂದು ನೋಡಿದರೆ ಒಂಬತ್ತನೆಯ ಪ್ರಶ್ನೆಗೆ ಎಲ್ಲ ಹಾಳೆಯಲ್ಲೂ ಒಂದೇ ಉತ್ತರ: ‘ಒಲ್ಲೆ ಅಂತಾನೆ’, ‘ಒಲ್ಲೆ ಅಂತಾಳೆ’. ಅಧ್ಯಕ್ಷರಿಗೆ ಆ ಹಾಳೆಗಳು ಸಿಕ್ಕಿದ್ದರೆ ಸಮೀಕ್ಷೆ ಅವತ್ತೇ ಮುಗಿಯುತ್ತಿತ್ತು. ಒಲ್ಲೆ ಎಂದರೆ ನಿರಾಸಕ್ತಿ, ಸಂಖ್ಯೆ ಎರಡು.

ತಪ್ಪು ನಮ್ಮದೇ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಕಡೆ ‘ಒಲ್ಲೆ’ ಎನ್ನುವುದು ಕಾರಣ ಅಲ್ಲ, ಬಾಗಿಲು. ಉಣ್ಣಲು ಕರೆದರೆ ಹಸಿದವರೂ ಒಲ್ಲೆ ಅನ್ನುತ್ತಾರೆ. ಅದರ ಹಿಂದೆ ಸಂಕೋಚ ಇರಬಹುದು, ಸಿಟ್ಟು ಇರಬಹುದು, ಹೆದರಿಕೆ ಇರಬಹುದು. ಅವತ್ತೇ ಒಂದು ನಿಯಮ ಮಾಡಿದೆ. ಒಲ್ಲೆ ಎಂದ ಮೇಲೆ ಪೆನ್ನು ಮುಚ್ಚಬಾರದು. ‘ಯಾಕ?’ ಎಂದು ಒಂದೇ ಸಲ ಕೇಳಬೇಕು. ಕೇಳಿ ಸುಮ್ಮನೆ ಕೂಡಬೇಕು, ಅವರು ಇನ್ನೊಂದು ಮಾತು ಆಡುವವರೆಗೆ. ನಾವೇ ಮಾತು ಹೊಂದಿಸಿ ಕೊಡಬಾರದು. ಕುಕ್ಕುವಾಡಕ್ಕೆ ಹೋದಾಗ ಈ ನಿಯಮ ಕೆಲಸ ಮಾಡಿತು. ಮೂರು ಗೆರೆ ಸಾಲದೆ ಹಾಳೆಯ ಹಿಂಬದಿಗೂ ಬರೆದೆವು. ಎಮ್ಮೆ ಕಾಯುವುದು, ತಮ್ಮನನ್ನು ಎತ್ತಿಕೊಳ್ಳುವುದು, ಕಣ್ಣು ಕಾಣದ ಅಜ್ಜಿ. ಬಡತನಕ್ಕೆ ಅಂಕ ಏರುತ್ತಿತ್ತು, ಮೇಷ್ಟ್ರು ಖುಷಿಯಾಗಿದ್ದರು, ನಾನೂ ಖುಷಿಯಾಗಿದ್ದೆ.

ಕೊನೆಯ ಹಳ್ಳಿ ಹರಿಹರ ತಾಲೂಕಿನದು. ಅದರ ಹೆಸರು ಬರೆಯುವುದಿಲ್ಲ. ಯಾಕೆಂದು ಓದಿದವರಿಗೆ ತಿಳಿಯುತ್ತದೆ.

ಹರಿಹರದಲ್ಲಿ ಬಸ್ಸು ಬದಲಿಸಿ, ಭತ್ತದ ಗದ್ದೆಗಳ ನಡುವೆ ಇಳಿದೆವು. ಮೊದಲು ಶಾಲೆಗೆ ಹೋಗುವುದು ಪದ್ಧತಿ. ಹೆಡ್‌ಮಾಸ್ತರು ಒಳ್ಳೆಯ ಮನುಷ್ಯರಂತೆ ಕಂಡರು. ಕುರ್ಚಿ ಹಾಕಿಸಿದರು, ಹಾಜರಿ ಪುಸ್ತಕ ತೋರಿಸಿದರು. ಸೌಲಭ್ಯದ ಪ್ರಶ್ನೆಗಳಿಗೆ ಒಂದೊಂದಾಗಿ ಎದ್ದು ತೋರಿಸುತ್ತ ಬಂದರು: ಕಪ್ಪುಹಲಗೆ, ನಕ್ಷೆ, ಬಾಗಿಲ ಪಕ್ಕ ದೊಡ್ಡ ಹರವಿಯಲ್ಲಿ ಕುಡಿಯುವ ನೀರು, ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ಸ್ಟೀಲಿನ ಲೋಟ. ಊರೊಳಗಿನ ಪಂಪಿನಿಂದ ಹುಡುಗರು ದಿನಾ ತುಂಬಿಸುತ್ತಾರೆ ಎಂದರು. ಕುಡಿಯುವ ನೀರು: ಇದೆ. ನಾನೇ ಟಿಕ್ ಹಾಕಿದೆ.

ಕೇರಿಯ ಮೂರನೆಯ ಮನೆಯಲ್ಲಿ ಒಬ್ಬ ತಾಯಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನದೇ ವಯಸ್ಸು ಇರಬಹುದು. ನಮ್ಮನ್ನು ನೋಡಿ ಎದ್ದು ಗೋಣಿಚೀಲ ಹಾಸಿದಳು. ಬಿಸಿಲಿಗೆ ನನ್ನ ಗಂಟಲು ಒಣಗಿತ್ತು, ಕುಡಿಯಲು ನೀರು ಕೇಳಿದೆ. ಆಕೆ ನನ್ನ ಮುಖ ನೋಡಿದಳು, ನನ್ನ ಕೊರಳ ದಾರದಲ್ಲಿದ್ದ ಲಿಂಗದ ಕಾಯಿ ನೋಡಿದಳು, ಮತ್ತೆ ಮುಖ ನೋಡಿದಳು. ನಮ್ಮ ಮನೆದು ಕುಡೀತೀರೇನ್ರಿ ಎಂದು ಕೇಳಿದಳು. ಕುಡಿಯುತ್ತೇನೆ ಎಂದೆ. ಚೊಂಬು ಕೊಟ್ಟಳು, ಕುಡಿದೆ. ಕುಡಿದು ಏನೋ ಘನಂದಾರಿ ಸಾಧಿಸಿದವಳಂತೆ ಹೆಮ್ಮೆಪಟ್ಟೆ. ಈಗ ನೆನೆದರೆ ನಾಚಿಕೆ. ನೀರು ಕುಡಿದಷ್ಟು ಸುಲಭ ಅನ್ನುತ್ತೇವಲ್ಲ, ನನಗೆ ಅದು ನಿಜವಾಗಿಯೂ ಸುಲಭವಾಗಿತ್ತು.

ಆಕೆಯ ಮಗಳು ನಾಲ್ಕನೆಯ ಕ್ಲಾಸಿನ ಮಧ್ಯದಲ್ಲಿ ಶಾಲೆ ಬಿಟ್ಟಿದ್ದಳು. ಯಾಕೆಂದರೆ ನಿರೀಕ್ಷಿಸಿದ ಮಾತೇ ಬಂತು. ಒಲ್ಲೆ ಅಂತಾಳ್ರಿ. ನಾನು ‘ಯಾಕ’ ಎಂದು ಕೇಳಿ ಸುಮ್ಮನೆ ಕೂತೆ. ಆಕೆ ಮೊರದಲ್ಲಿನ ಕಲ್ಲು ಹೆಕ್ಕಿದಳು, ಇನ್ನೊಂದು ಹೆಕ್ಕಿದಳು. ಆಮೇಲೆ ಮೊರ ನೋಡುತ್ತಲೇ ಹೇಳಿದಳು.

“ನೀರು ಹೊಯ್ಯೋರು ಇರಲ್ರಿ, ಅದಕ್ಕ ಒಲ್ಲೆ ಅಂತಾಳೆ.”

ನನ್ನ ಜೊತೆಗಿದ್ದ ಹುಡುಗಿ ಬರೆದುಕೊಂಡಳು. ನನಗೆ ಅರ್ಥವಾಗಲಿಲ್ಲ. ಶಾಲೆಯಲ್ಲಿ ನೀರು ಐತಲ್ಲ ಅಕ್ಕ, ನಾನೇ ಹರವಿ ನೋಡಿ ಬಂದೆ ಎಂದೆ.

“ನೀರು ಐತ್ರಿ, ಯಾರು ಇಲ್ಲ ಅಂದ್ರು? ನಮ್ಮ ಹುಡುಗ್ರು ಲೋಟ ಮುಟ್ಟಂಗಿಲ್ಲ. ಊರಾಗಿನ ಹುಡುಗ್ರು ಮ್ಯಾಲಿಂದ ಹೊಯ್ಯಬೇಕು, ಇವು ಬೊಗಸಿ ಹಿಡೀಬೇಕು. ಆಟಕ್ಕೆ ಬಿಟ್ಟಾಗ ಹೊಯ್ಯೋರು ಆಡಾಕೆ ಹೋಗಿರ್ತಾರೆ. ಸಂಜಿತನಕ ಬಾಯಿ ಒಣಗಿಸ್ಕಂಡು ಕುಂತಿರ್ತಾಳೆ. ಬ್ಯಾಸಿಗ್ಯಾಗೆ ಒಂದಿನ ಕಣ್ಣಿಗೆ ಕತ್ತಲು ಬಂದು ಬಿದ್ದುಬಿಟ್ಳು. ಅವತ್ತಿಂದ ಒಲ್ಲೆ ಅಂತಾಳೆ.”

ಅಷ್ಟು ಹೇಳಿದ ಮೇಲೆ ಆಕೆಗೆ ಹೆದರಿಕೆ ಆಯಿತು. ಶಾಲೆಯ ಉಸ್ತುವಾರಿ ನೋಡುವ ಊರ ಪ್ರಮುಖರ ಗದ್ದೆಗೇ ತಾನು ನಾಟಿಗೆ ಹೋಗುವುದು, ತನ್ನ ಹೆಸರು ಬಂದರೆ ಕೂಲಿಗೆ ಕರೆಯುವುದಿಲ್ಲ, ಬರೆದದ್ದು ಹರಿದುಹಾಕಿ ಎಂದಳು. ನಾನು ಹೆಸರಿನ ಪಟ್ಟಿ ತೋರಿಸಿದೆ. ಕತ್ತರಿ ತೆಗೆದು ಆಕೆಯ ಎದುರೇ ಕತ್ತರಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

“ನಿಮ್ಮ ಮಾತು ಬರತೈತೆ ಅಕ್ಕ, ಹೆಸರು ಬರಲ್ಲ,” ಎಂದೆ.

“ಅಷ್ಟು ಮಾಡ್ರಿ ಅಕ್ಕಾರೆ. ಮಾತು ಬಂದ್ರೆ ಆಕಿ ಮತ್ತೆ ಹೋದಾಳು.”

ಆ ಕೇರಿಯಲ್ಲಿ ಆಮೇಲೆ ಯಾರ ಮನೆಗೆ ಹೋದರೂ ನಮ್ಮ ಕಿವಿ ಅದೇ ಪದಕ್ಕೆ ಕಾಯುತ್ತಿತ್ತು, ಹೆಚ್ಚಿನ ಮನೆಗಳಲ್ಲಿ ಅದು ಬಂತು. ಒಬ್ಬರು ಹೊಯ್ಯೋರು ಎಂದರು, ಒಬ್ಬರು ಹಾಕೋರು ಎಂದರು. ಒಬ್ಬ ಮುದುಕ ನಕ್ಕು, ನಾನೂ ಬೊಗಸೇಲೇ ಓದಿದೋನು, ಎರಡನೇ ಕ್ಲಾಸಿಗೆ ಬಾಯಾರಿತು ಎಂದ.

ಸಂಖ್ಯೆ ಹಾಕುವ ಕೆಲಸ ದಾವಣಗೆರೆಯಲ್ಲಿ. ಹುಡುಗಿ ಒಂದು ಮೂಲೆಯಲ್ಲಿ, ನಾನು ಒಂದು ಮೂಲೆಯಲ್ಲಿ, ಕೆಂಪು ಪೆನ್ನು ಹಿಡಿದು ಕೂತೆವು. ಆ ಹಳ್ಳಿಯ ಕಟ್ಟು ಬಂದಾಗ ನನ್ನ ಪೆನ್ನು ನಿಂತಿತು. ಬಡತನ ಅಲ್ಲ. ನಿರಾಸಕ್ತಿ ಅಲ್ಲ. ಸೌಲಭ್ಯದ ಕೊರತೆ ಎಂದು ಆರು ಹಾಕೋಣವೆಂದರೆ ಹರವಿ ತುಂಬ ನೀರಿತ್ತು. ಬೇರೆ ದಾರಿ ಇಲ್ಲದೆ ಏಳು ಹಾಕಿದೆ, ಇತರೆ. ತಾಳೆ ನೋಡಿದರೆ ಅವಳೂ ಏಳು ಹಾಕಿದ್ದಳು. ಒಂದು ಕೇರಿಗೆ ಕೇರಿಯೇ ಇತರೆಯಲ್ಲಿ ಬಂದು ಕೂತಿತ್ತು. ಅವಳು ಹಾಳೆಗಳ ಅಂಚು ಸರಿಮಾಡುತ್ತ, ಇಲ್ಲೂ ಹೊರಗೇ ಕುಂದ್ರಿಸಿದಂಗೆ ಆತಲ್ಲ ಅಕ್ಕ ಎಂದಳು.

ಸಮಿತಿಯ ಸಭೆಗೆ ನಾನು ಎಂಟನೆಯ ಸಂಖ್ಯೆ ಕೇಳಿಕೊಂಡು ಹೋದೆ: ‘ಶಾಲೆಯಲ್ಲಿ ಅಸ್ಪೃಶ್ಯತೆ’. ಅಧ್ಯಕ್ಷರ ಮುಖದ ನಗು ಹೋಯಿತು. ತಂಗಿ, ಹೊಸ ಜಿಲ್ಲೆ, ಇದು ಪೇಪರಿನಾಗೆ ಬಂದರೆ ಊರಿಗೇ ಕೆಟ್ಟ ಹೆಸರು ಎಂದರು. ಇಂಥದ್ದೆಲ್ಲ ಹಿಂದೆ ಇತ್ತು, ಈಗ ಎಲ್ಲಿದೆ, ಬಾಯಾರಿದರೆ ಕೇಳಿ ಕುಡಿಯಬೇಕು, ಕೇಳುವುದಕ್ಕೂ ಸೋಮಾರಿತನವೆ ಎಂದರು. ಅವರು ಹೀಗೇ ಅನ್ನುತ್ತಾರೆಂದು ನನಗೆ ಗೊತ್ತಿತ್ತು. ನಾನು ನೋಡಿದ್ದು ಮೇಷ್ಟ್ರ ಕಡೆ. ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು.

ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು. ಇದು ಕಾರಣ ಅಲ್ಲ, ಲಕ್ಷಣ. ಶಾಲೆ ಬಿಟ್ಟ ಆ ಹುಡುಗಿಯ ಅಪ್ಪನಿಗೆ ಎರಡು ಎಕರೆ ಗದ್ದೆ ಇದ್ದಿದ್ದರೆ ಲೋಟ ಮುಟ್ಟಬೇಡ ಎನ್ನುವ ಧೈರ್ಯ ಯಾರಿಗಿತ್ತು? ಲಕ್ಷಣಕ್ಕೆ ಸಂಖ್ಯೆ ಕೊಟ್ಟರೆ ಬೇರು ಕಾಣದೆ ಹೋಗುತ್ತದೆ. ನನಗೆ ಒಪ್ಪಿಗೆ ಆಗಲಿಲ್ಲ. ಊರೊಳಗೂ ಎಕರೆ ಇಲ್ಲದವರಿದ್ದಾರೆ, ಅವರ ಮಕ್ಕಳು ಲೋಟ ಮುಟ್ಟುತ್ತಾರಲ್ಲ ಸಾರ್ ಎಂದೆ. ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಸಂಖ್ಯೆ ಬೇಡ, ಆದರೆ ಜನರ ಮಾತುಗಳನ್ನು ಇದ್ದ ಹಾಗೆಯೇ ಅನುಬಂಧದಲ್ಲಿ ಹಾಕುತ್ತೇನೆ, ಓದಿದವರು ಅವರೇ ತೀರ್ಮಾನಿಸಲಿ ಎಂದರು. ಮಾತು ಬಂದರೆ ಸಾಕು ಎಂದು ಒಪ್ಪಿಕೊಂಡೆ.

ಆಮೇಲೆ ಡಬ್ಬಿ ಕೇಳಿದರು.

ಅಧ್ಯಕ್ಷರು ನಂಬುತ್ತಿಲ್ಲ, ಇಬ್ಬರು ಹೆಂಗಸರು ಕೂತು ಕಥೆ ಕಟ್ಟಿದ್ದಾರೆ ಎನ್ನುತ್ತಿದ್ದಾರೆ. ತಾನೊಬ್ಬನೇ ಹೋಗಿ ನಾಲ್ಕು ಮನೆ ವಿಚಾರಿಸಿ ಬಂದರೆ ಅವರ ಬಾಯಿ ಕಟ್ಟಬಹುದು. ಇದು ಅವರು ಕೊಟ್ಟ ಕಾರಣ. ನಾನು ಎರಡು ದಿನ ಯೋಚಿಸಿದೆ. ಹುಡುಗಿಗೆ ಹೇಳಿದಾಗ ಅವಳು ಬರೆಯುವುದು ನಿಲ್ಲಿಸಿ ತಲೆ ಎತ್ತಿದಳು.

“ಕೊಡಬ್ಯಾಡ್ರಿ ಅಕ್ಕ. ಮಾತು ಕೊಟ್ಟೋರು ನಾವು, ಅವರಲ್ಲ.”

ಅವಳಿಗೆ ಮೇಷ್ಟ್ರು ಗೊತ್ತಿಲ್ಲ, ನನಗೆ ಗೊತ್ತು ಎಂದುಕೊಂಡೆ. ನಮ್ಮ ಅಂಗಡಿಯ ಗಾದಿಯ ಮೇಲೆ ಊಟ ಬಿಟ್ಟು ಕೂತವರನ್ನು ಅನುಮಾನಿಸಲು ನನ್ನ ಮನಸ್ಸು ಬರಲಿಲ್ಲ. ಮೂರನೆಯ ದಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರ ಮನೆಗೆ ಹೋಗಿ ಕೈಗೆ ಕೊಟ್ಟೆ. ಈ ಇಡೀ ಕೆಲಸದಲ್ಲಿ ನಾನು ಸ್ವಂತ ಬುದ್ಧಿಯಿಂದ ಮಾಡಿದ ದೊಡ್ಡ ತೀರ್ಮಾನ ಅದೊಂದೇ.

ವರದಿಯ ಕರಡನ್ನು ಡಿ.ಟಿ.ಪಿ. ಅಂಗಡಿಯಲ್ಲಿ ನಾನೇ ತಿದ್ದಿದ್ದೆ. ಅನುಬಂಧದ ಹಾಳೆಗಳನ್ನು ಎರಡೆರಡು ಸಲ ಓದಿ, ‘ಹೊಯ್ಯೋರು’ ಪದವನ್ನು ಆಪರೇಟರು ‘ಹೋದವರು’ ಎಂದು ಮಾಡಿದ್ದನ್ನು ಸರಿಪಡಿಸಿ ಬಂದಿದ್ದೆ. ಕೊನೆಯ ಪ್ರತಿ ನಾನು ನೋಡುತ್ತೇನೆ, ನೀನು ದಣಿದಿದ್ದೀಯ ಎಂದು ಮೇಷ್ಟ್ರು ಫ್ಲಾಪಿ ಇಸಿದುಕೊಂಡರು. ಕಾಳಜಿ ಎಂದುಕೊಂಡೆ.

ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಇಬ್ಬರೂ ಅಕ್ಕಪಕ್ಕ ಕೂತಿದ್ದರು, ಇಬ್ಬರ ಕೊರಳಲ್ಲೂ ಒಂದೇ ಅಳತೆಯ ಹಾರ. ಭಿನ್ನಾಭಿಪ್ರಾಯ ಮರೆತು ಒಮ್ಮತಕ್ಕೆ ಬಂದಿದ್ದೇವೆ ಎಂದು ಅಧ್ಯಕ್ಷರು ಹೇಳಿದಾಗ ಚಪ್ಪಾಳೆ ಬಿತ್ತು. ನಾನು ಹಿಂದಿನ ಸಾಲಿನಲ್ಲಿ ಕೂತು ಪುಸ್ತಕದ ಕೊನೆಯ ಹಾಳೆಗಳನ್ನು ತಿರುವಿದೆ. ಮುಖ್ಯ ಕಾರಣ ಬಡತನ. ಎರಡನೆಯದು ಕುಡಿಯುವ ನೀರು ಮುಂತಾದ ಸೌಲಭ್ಯಗಳ ಕೊರತೆ. ಮೂರನೆಯದು ನಿರಾಸಕ್ತಿ. ಅನುಬಂಧದಲ್ಲಿ, ‘ಒಬ್ಬ ತಾಯಿಯ ಮಾತು’ ಎಂಬ ತಲೆಬರಹದ ಕೆಳಗೆ ಇದ್ದದ್ದು ಇಷ್ಟು:

‘ನೀರು ಇರಲ್ರಿ, ಅದಕ್ಕ ಒಲ್ಲೆ ಅಂತಾಳೆ.’

ಮೂರು ಸಲ ಓದಿದೆ. ಆಕೆಯ ‘ಇರಲ್ರಿ’ ಹಾಗೇ ಇತ್ತು, ‘ಅದಕ್ಕ’ ಹಾಗೇ ಇತ್ತು, ಒಂದು ದೀರ್ಘ ಕೂಡ ಆಚೀಚೆ ಆಗಿರಲಿಲ್ಲ. ‘ಹೊಯ್ಯೋರು’ ಮಾತ್ರ ಇರಲಿಲ್ಲ. ಅದರ ಮುಂದಿನ ವಿವರಣೆಯೂ ಇರಲಿಲ್ಲ. ಆ ಕೇರಿಯ ಎಲ್ಲ ಏಳುಗಳೂ ಸೌಲಭ್ಯದ ಕೊರತೆಯ ಆರಾಗಿದ್ದವು. ಪಕ್ಕದಲ್ಲಿದ್ದ ಹುಡುಗಿ ಪುಸ್ತಕ ಮುಚ್ಚಿ ನನ್ನ ತೊಡೆಯ ಮೇಲಿಟ್ಟು ಎದ್ದು ಹೋದಳು.

ಬಾಗಿಲ ಹೊರಗೆ ಅವಳನ್ನು ಹಿಡಿದು ನಿಲ್ಲಿಸಿದೆ. ಮೇಷ್ಟ್ರನ್ನು ಕೇಳುತ್ತೇನೆ, ಸರಿಪಡಿಸುತ್ತೇನೆ ಎಂದೆ. ಅವಳು ಸಿಟ್ಟಿನಿಂದ ಮಾತಾಡಲಿಲ್ಲ. ತಾನೂ ಬೊಗಸೆ ಒಡ್ಡಿಯೇ ಏಳನೆಯ ಕ್ಲಾಸು ದಾಟಿದವಳು, ಒಂದು ಸಲ ಯಾರಾದರೂ ಅದನ್ನು ಪುಸ್ತಕದಲ್ಲಿ ಬರೆದದ್ದು ನೋಡಬೇಕಿತ್ತು, ಅದಕ್ಕೇ ಈ ಕೆಲಸಕ್ಕೆ ಬಂದದ್ದು ಎಂದಳು. ಅಷ್ಟು ದಿನ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಹೋಗಿದ್ದೆವು, ಒಂದೇ ಡಬ್ಬಿಯಲ್ಲಿ ಬುತ್ತಿ ತಿಂದಿದ್ದೆವು. ನಾನು ಅವಳನ್ನು ಏನೂ ಕೇಳಿರಲಿಲ್ಲ. ಅವಳು ಹರಿಹರದ ಬಸ್ಸು ಹತ್ತಿ ಹೋದಳು, ಮತ್ತೆ ಕೆಲಸಕ್ಕೆ ಬರಲಿಲ್ಲ.

ಅವತ್ತು ಸಂಜೆ ಮೇಷ್ಟ್ರ ಮನೆಗೆ ಹೋದೆ. ಕೂತುಕೋ ಎಂದರು, ಕೂರಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು. ಬಡತನವೇ ಮುಖ್ಯ ಕಾರಣ ಎಂದು ಅಧ್ಯಕ್ಷರು ಸಹಿ ಹಾಕಬೇಕಾದರೆ ಜಾತಿಯ ಮಾತು ಎಲ್ಲೂ ಇರಬಾರದು. ಅದು ಕರಾರು.

“ನೋಡಮ್ಮ, ಒಬ್ಬ ಗಿರಣಿ ಮಾಲೀಕನ ಕೈಯಲ್ಲಿ ಬಡತನ ಕಾರಣ ಅಂತ ಬರೆಸಿದೀನಿ. ಮೂವತ್ತು ವರ್ಷ ಗೇಟಿನ ಮುಂದೆ ಕೂಗಿದ್ರೂ ಆಗದ ಕೆಲಸ ಅದು. ಅದಕ್ಕೆ ಒಂದು ಪದ ತಗದೆ, ಒಂದೇ ಪದ. ಆ ಶಾಲೆಗೆ ಅವರು ನೀರಿನ ಟ್ಯಾಂಕು ಕಟ್ಟಿಸಿ ಕೊಡ್ತಾರೆ. ನಲ್ಲಿ ಬಂದ ಮೇಲೆ ಹೊಯ್ಯೋರು ಯಾಕೆ ಬೇಕು? ತಿರುವಿದರೆ ನೀರು. ಯೋಚನೆ ಮಾಡು.”

ನಾನು ಯೋಚಿಸಿದೆ. ಕೆಟ್ಟ ವಾದ ಅಲ್ಲ ಎಂದೂ ಒಂದು ಕ್ಷಣ ಅನ್ನಿಸಿತು, ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಲ್ಲಿಗೆ ಜಾತಿ ಗೊತ್ತಿಲ್ಲ, ಬಾಯಾರಿದ ಹುಡುಗಿ ಕೈ ಚಾಚಿ ತಿರುವಿಕೊಳ್ಳಬಹುದು. ಆದರೆ ಆ ಪದ ಅವರದಲ್ಲ, ನನ್ನದೂ ಅಲ್ಲ. ಇನ್ನೊಬ್ಬರ ಬಾಯಿಂದ ಪದ ಕಿತ್ತುಕೊಂಡು ಅದರಿಂದ ವ್ಯಾಪಾರ ಮಾಡುವುದನ್ನು ಅಂಗಡಿಯಲ್ಲಿ ಹುಟ್ಟಿದ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಾಗೆಯೇ ಹೇಳಿಬಿಟ್ಟೆ. ಡಬ್ಬಿ ವಾಪಸ್ಸು ಕೇಳಿದೆ. ಕಪಾಟಿನಿಂದ ತೆಗೆದು ಕೊಟ್ಟರು. ಮನೆಗೆ ಬಂದು ಎಣಿಸಿದರೆ ಒಂದು ಪಟ್ಟಿ ಕಡಿಮೆ ಇತ್ತು. ಆ ತಾಯಿಯದು.

ಮೇಷ್ಟ್ರಿಗೆ ಕಾರ್ಡು ಬರೆದು ಕೇಳಿದೆ, ಉತ್ತರ ಬರಲಿಲ್ಲ. ಬದಲಿಗೆ ಟ್ಯಾಂಕಿನ ಉದ್ಘಾಟನೆಯ ಆಮಂತ್ರಣ ಬಂತು.

ಹೋಗಬಾರದು ಎಂದುಕೊಂಡೇ ಹೋದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹೊಸ ಟ್ಯಾಂಕಿಗೆ ನೀಲಿ ಬಣ್ಣ, ಅದರ ಮೇಲೆ ದಾನಿಗಳ ಹೆಸರು, ಕೆಳಗೆ ಸಾಲಾಗಿ ನಾಲ್ಕು ಹಿತ್ತಾಳೆ ನಲ್ಲಿ. ನಲ್ಲಿಗಳು ನಾಲ್ಕನೆಯ ಕ್ಲಾಸಿನ ಹುಡುಗಿಯ ಎದೆಯೆತ್ತರಕ್ಕೆ ಇದ್ದವು. ಊರೊಳಗಿನವರು ಕುರ್ಚಿಗಳಲ್ಲಿ, ಕೇರಿಯವರು ಕಾಂಪೌಂಡಿನ ಪಕ್ಕ ನೆಲದ ಮೇಲೆ. ಆಕೆಯೂ ಇದ್ದಳು. ನಾನು ಕಣ್ಣು ತಪ್ಪಿಸಿ ಕೊನೆಯ ಕುರ್ಚಿ ಹಿಡಿದೆ.

ಮೇಷ್ಟ್ರು ಮೈಕಿನ ಮುಂದೆ ಬಂದು ಅಂಗಿಯ ಜೇಬಿನಿಂದ ಎರಡು ಬೆರಳಗಲದ ಒಂದು ಕಾಗದ ತೆಗೆದರು. ದೂರದಿಂದಲೂ ಅದು ನನ್ನ ಡಬ್ಬಿಯ ಪಟ್ಟಿ ಎಂದು ನನಗೆ ಗುರುತು ಸಿಕ್ಕಿತು. ಈ ಟ್ಯಾಂಕಿಗೆ ಕಾರಣವಾದ, ಶಾಲೆಯಲ್ಲಿ ನೀರಿಲ್ಲ ಎಂದು ಧೈರ್ಯವಾಗಿ ಹೇಳಿದ ತಾಯಿ ಇಲ್ಲೇ ಇದ್ದಾರೆ, ಅವರ ಕೈಯಿಂದಲೇ ಉದ್ಘಾಟನೆ ಆಗಲಿ ಎಂದು ಹೇಳಿ ಆಕೆಯ ಹೆಸರನ್ನು ಪೂರ್ತಿ ಓದಿದರು. ತಾನು ಆಕೆಗೆ ಗೌರವ ಮಾಡುತ್ತಿದ್ದೇನೆ ಎಂದೇ ಅವರು ನಂಬಿದ್ದರು, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಕುರ್ಚಿಗಳಲ್ಲಿದ್ದ ತಲೆಗಳೆಲ್ಲ ಕಾಂಪೌಂಡಿನ ಕಡೆ ತಿರುಗಿದವು. ಮುಂದಿನ ಸಾಲಿನಲ್ಲಿದ್ದ, ಆಕೆ ನಾಟಿಗೆ ಹೋಗುವ ಗದ್ದೆಯ ಯಜಮಾನರೂ ತಿರುಗಿದರು.

ಆಕೆ ಎದ್ದು ಬಂದಳು. ಬರದೆ ಇರಲು ಆಗುತ್ತಿರಲಿಲ್ಲ. ನಲ್ಲಿಯ ಮುಂದೆ ನಿಂತು ಕೈ ಚಾಚುವಷ್ಟರಲ್ಲಿ ಹೆಡ್‌ಮಾಸ್ತರು ಲಗುಬಗೆಯಿಂದ ನಡುವೆ ಬಂದರು. ತಾವೇ ನಲ್ಲಿ ತಿರುವಿ ತಾಮ್ರದ ಚೊಂಬು ತುಂಬಿಸಿಕೊಂಡು, ಹಿಡೀಯವ್ವ ಎಂದು ಪ್ರೀತಿಯಿಂದಲೇ ಹೇಳಿದರು. ಆಕೆಯ ಕೈಗಳು ತಾವಾಗಿ ಬೊಗಸೆಯಾದವು, ಸೊಂಟ ತಾನಾಗಿ ಬಾಗಿತು. ಹೆಡ್‌ಮಾಸ್ತರು ಚೊಂಬು ಎತ್ತಿ ಮೇಲಿನಿಂದ ಹೊಯ್ದರು. ಪೇಪರಿನವರು ಫೋಟೊ ತೆಗೆದರು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಟ್ಟಲು ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತರು. ಅವರು ನನ್ನ ಕಡೆ ನೋಡಿದರು, ನಾನು ನೋಡಲಿಲ್ಲ.

ಬಸ್ಸಿಗೆ ನಿಂತಿದ್ದಾಗ ಆಕೆ ಹುಡುಕಿಕೊಂಡು ಬಂದಳು. ಸೆರಗಿನ ಅಂಚು ಇನ್ನೂ ಒದ್ದೆಯಿತ್ತು. ನಾನು ಏನು ಹೇಳಬೇಕೆಂದು ಯೋಚಿಸುವ ಮೊದಲೇ ಆಕೆ ಮಾತಾಡಿದಳು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

“ಮಾತು ಬರತೈತೆ, ಹೆಸರು ಬರಲ್ಲ ಅಂದಿದ್ರಿ ಅಕ್ಕಾರೆ. ಹೆಸರು ಬಂತು, ಮಾತು ಬರಲಿಲ್ಲ.”

ತಪ್ಪಾಯಿತು ಎಂದೆ. ಮೇಷ್ಟ್ರ ಹೆಸರು ಹೇಳಿ ತಪ್ಪಿಸಿಕೊಳ್ಳಲು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಡಬ್ಬಿ ಕೊಟ್ಟವಳು ನಾನು. ಬಸ್ಸು ದೂರದಲ್ಲಿ ಕಾಣಿಸಿತು. ಏನಾದರೂ ಕೇಳಲೇಬೇಕೆಂದು, ನಲ್ಲಿ ಬಂದಿದೆಯಲ್ಲ, ಮಗಳು ಇನ್ನು ಶಾಲೆಗೆ ಹೋಗುತ್ತಾಳೆಯೇ ಎಂದು ಕೇಳಿದೆ.

ಆಕೆ ಒದ್ದೆ ಸೆರಗನ್ನು ಹಿಂಡಿ ಕೊಡವಿದಳು.

“ಒಲ್ಲೆ ಅಂತಾಳ್ರಿ.”

ಒಲ್ಲೆ ಎಂದ ಮೇಲೆ ಯಾಕೆಂದು ಕೇಳಿ ಸುಮ್ಮನೆ ಕಾಯಬೇಕು ಎನ್ನುವುದು ನಾನೇ ಮಾಡಿದ ನಿಯಮ. ಆಕೆ ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ನಾನು ಕೇಳಲಿಲ್ಲ, ಬಸ್ಸು ಹತ್ತಿದೆ.